ಲೋಟ ಎಲ್ಲಿಗೆ ಹೋಯಿತು

ನೀರಿನ ಬಾಟಲಿ ಕಂಡರೆ ಸಿಟ್ಟಿಗೇಳುವ ಮನುಷ್ಯರನ್ನು ನನ್ನ ಆಯುಷ್ಯದಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. ದಾಂಡೇಲಿಯಲ್ಲಿ ನಮಗೆ ಬಿ.ಎ. ತರಗತಿಯಲ್ಲಿ ಸಮಾಜಶಾಸ್ತ್ರ ಕಲಿಸಿದ ಮೇಡಂ ಅವರು. ಸಮೀಕ್ಷೆಗೆ ಹೊರಟ ದಿನ ಕಾಲೇಜಿನ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಚೀಲ ಮುಟ್ಟಿ ನೋಡುತ್ತಿದ್ದರು. ಬಾಟಲಿ ಸಿಕ್ಕಿತೋ, ಅದು ಸಂಜೆಯತನಕ ಕಾವಲುಗಾರನ ಕೋಣೆಯಲ್ಲೇ. "ಬಾಟ್ಲಿ ಹಿಡಕೊಂಡವರು ಯಾರ ಮನೀ ನೀರೂ ಕುಡಿಯಂಗಿಲ್ಲ. ಮಂದಿ ಮನೀ ನೀರು ಕುಡೀಲಾರದವರಿಗೆ ಈ ವಿಷಯ ಯಾಕ ಬೇಕು? ಬ್ಯಾರೆ ಏನಾರ ಓದ್ರಿ, ಹೋಗ್ರಿ," ಎನ್ನುತ್ತಿದ್ದರು. ಏಪ್ರಿಲ್ ಬಿಸಿಲಲ್ಲಿ ನಾಲಿಗೆ ಒಣಗಿಸಿಕೊಂಡು ಓಣಿ ಓಣಿ ಅಲೆಯುವಾಗ ಅವರಿಗೆ ನಾವು ಹಾಕಿದ ಶಾಪ ಒಂದೆರಡಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ನಾನೀಗ ಹಳಿಯಾಳದ ಹೈಸ್ಕೂಲೊಂದರಲ್ಲಿ ಶಿಕ್ಷಕಿ. ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿ ಬಿಚ್ಚುತ್ತಾ ಫೋನು ನೋಡಿದರೆ ಹಳೆಯ ಸಹಪಾಠಿಗಳ ಗುಂಪಿನಲ್ಲಿ ಮೇಡಂ ಅವರ ಫೋಟೋ, ಅದರ ಕೆಳಗೆ ಸಾಲುಸಾಲು ಮುಗಿದ ಕೈಗಳು. ಅಳು ಬರಲಿಲ್ಲ, ಹೆದರಿಕೆ ಬಂತು. ಪರೀಕ್ಷೆಯ ಕೊನೆಯ ಗಂಟೆ ಹೊಡೆದುಬಿಟ್ಟಿದೆ, ನನ್ನ ಒಂದು ಉತ್ತರ ಮಾತ್ರ ಇನ್ನೂ ಬರೆಯದೇ ಉಳಿದಿದೆ ಎಂಬಂಥ ಹೆದರಿಕೆ. ಆ ಉತ್ತರ ಯಾವುದು ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಮೇಡಂ ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಹಾಕಿದರೆ ಎಲ್ಲಿದ್ದರೂ ಎದ್ದು ಬಂದು ಕೆಂಪು ಪೆನ್ನಿನಿಂದ ಗೀಚಿ ಹೋದಾರು. "ಹೆಸರು ಬರದ್ರ ಮಂದಿ ಹೆಸರಷ್ಟ ಓದತಾರ, ಮುಂದಿಂದು ಓದಂಗಿಲ್ಲ," ಎಂಬುದು ಅವರ ಮೊದಲ ಪಾಠ. ನಮ್ಮ ಕಡೆ ಹೆಸರಿಗಿಂತ ಅಡ್ಡಹೆಸರಿನ, ಅಂದರೆ ಮನೆತನದ ಹೆಸರಿನ ಮೇಲೆ ಜನಕ್ಕೆ ಹೆಚ್ಚು ಕಣ್ಣು. ಅದೊಂದು ಗೊತ್ತಾದರೆ ಊರು, ಮನೆತನ, ಮಂದಿ, ಒಲೆಯ ಮೇಲೆ ಏನು ಬೇಯುತ್ತದೆ ಎನ್ನುವುದು ಕೂಡ ಗೊತ್ತಾದ ಹಾಗೆ. ಮೇಡಂ ಹಾಜರಿ ಕರೆಯುವಾಗ ಯಾರ ಅಡ್ಡಹೆಸರನ್ನೂ ಓದುತ್ತಿರಲಿಲ್ಲ. ತರಗತಿಯಲ್ಲಿ ಇಬ್ಬರು ಗೀತಾ ಇದ್ದರು. ಕಿಡಕಿಯ ಬಳಿ ಕೂರುವವಳು ಕಿಡಕಿ ಗೀತಾ, ಬಾಗಿಲ ಬಳಿಯವಳು ಬಾಗಿಲ ಗೀತಾ. ಕಿಡಕಿ ಗೀತಾ ಮದುವೆಯಾಗಿ ಗೋವಾಕ್ಕೆ ಹೋದಮೇಲೂ ನಮಗೆ ಕಿಡಕಿ ಗೀತಾನೇ. ಮೇಡಂ ತಮ್ಮ ಅಡ್ಡಹೆಸರನ್ನೂ ಯಾರಿಗೂ ಹೇಳಲಿಲ್ಲ. ಹೆಸರಿನ ಹಿಂದೆ ಒಂದಕ್ಷರ, ಒಂದು ಚುಕ್ಕೆ, ಅಷ್ಟೆ. ಆ ಚುಕ್ಕೆಯ ಹಿಂದೆ ಏನಿದೆ ಎಂದು ಇಡೀ ಕಾಲೇಜು ತಲೆ ಕೆಡಿಸಿಕೊಂಡಿತ್ತು. ನೇರ ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಗಿಡ್ಡ ಆಳು, ಬಿರುಸು ನಡಿಗೆ, ಗಂಜಿ ಹಾಕಿದ ನೂಲಿನ ಸೀರೆ. ಕೈಗಡಿಯಾರವನ್ನು ಮಣಿಕಟ್ಟಿನ ಒಳಮೈಗೆ ತಿರುಗಿಸಿ ಕಟ್ಟುತ್ತಿದ್ದರು. ಯಾಕೆಂದು ಕೇಳಿದರೆ, "ಮಂದಿ ಮನಿಯಾಗ ಕುಂತಾಗ ವ್ಯಾಳ್ಯಾ ನೋಡೂದು ಅವರಿಗೆ ಕಾಣಬಾರದು," ಅಂದಿದ್ದರು. ಇಷ್ಟು ಗಟ್ಟಿ ಹೆಂಗಸು ಒಳಗೊಳಗೆ ಎಂಥ ಹೆದರುಪುಕ್ಕಲು ಎಂಬುದು ಜೊತೆಯಲ್ಲಿ ತಿರುಗಾಡಿದ ನಮಗಷ್ಟೇ ಗೊತ್ತು. ಕಾಳಿ ಹೊಳೆಯ ಸೇತುವೆ ದಾಟುವಾಗ ನಮ್ಮ ತಲೆ ಎಣಿಸುವರು, ದಾಟಿದ ಮೇಲೆ ಮತ್ತೆ ಎಣಿಸುವರು, ನಡುವೆ ಯಾರೋ ಹಾರಿರಬಹುದು ಎಂಬ ಹಾಗೆ. ಕುಳಗಿಯ ಕಾಡಿಗೆ ಹೋದಾಗ ಕರಡಿಯ ಹೆಸರೆತ್ತಿದ ಹುಡುಗನ ಬಾಯಿ ಮುಚ್ಚಿಸಿದ್ದರು. ಹೆದರಿಕೆಯಾದಾಗಲೆಲ್ಲ ಸೊಂಟದ ಸಣ್ಣ ಚೀಲದಿಂದ ಲವಂಗ ತೆಗೆದು ದವಡೆಗೆ ಇಟ್ಟುಕೊಳ್ಳುತ್ತಿದ್ದರು. ಅವರ ಬಾಯಿಂದ ಲವಂಗದ ವಾಸನೆ ಬಂತೆಂದರೆ ಮೇಡಂಗೆ ಏನೋ ದಿಗಿಲು ಹತ್ತಿದೆ ಎಂದು ನಾವು ಒಬ್ಬರನ್ನೊಬ್ಬರು ತಿವಿಯುತ್ತಿದ್ದೆವು.

ಒಮ್ಮೆ ಜೋಯಿಡಾದ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆವು. ಕೊಂಕಣಿ ಬಿಟ್ಟು ಬೇರೆ ಬಾರದ ಮುದುಕಿ, ಕನ್ನಡ ಬಿಟ್ಟು ಬೇರೆ ಬಾರದ ನಾವು. ಮಾತು ಸಾಗಲಿಲ್ಲ. ಮುದುಕಿ ಒಳಗೆ ಹೋಗಿ ಮುರುಗಲ ಹಣ್ಣಿನ ಪಾನಕ ಮಾಡಿ ತಂದು ಕೊಟ್ಟಳು, ನಾವು ಕುಡಿದು ಬಂದೆವು. ನಮ್ಮ ತಂಡದ ಹುಡುಗ ವರದಿಯಲ್ಲಿ 'ಈ ಮನೆಯಲ್ಲಿ ಏನೂ ಇಲ್ಲ' ಎಂದು ಬರೆದ. ಮೇಡಂ ಅವನನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿದರು.

"ಏನೂ ಇಲ್ಲಂದ್ರ ನಿನ್ನ ಅಂಗಿ ಮ್ಯಾಲ ಆ ಕೆಂಪ ಕಲೀ ಎಲ್ಲಿಂದ ಬಂತೋ? ಮುದುಕಿ ಪಾನಕ ಕುಡದ ಅಂಗಿ ಮ್ಯಾಲ ಚೆಲ್ಲಿಕೊಂಡ ಬಂದು ಏನೂ ಇಲ್ಲಂತ ಬರೀತಿಯಲ್ಲ! ಅವರ ಹಂತ್ಯಾಕ ಏನಿಲ್ಲ ಅನ್ನೂದನ್ನ ಬಿಡು. ನಿನಗ ಏನ ಕೊಟ್ರು, ಯಾವುದರಾಗ ಕೊಟ್ರು, ಎಲ್ಲಿ ಕುಂದ್ರಿಸಿ ಕೊಟ್ರು, ಅದನ್ನ ಬರಿ."

ಏನು ಕೊಟ್ಟರು, ಯಾವುದರಲ್ಲಿ ಕೊಟ್ಟರು, ಎಲ್ಲಿ ಕೂರಿಸಿ ಕೊಟ್ಟರು. ಈ ಮೂರರ ಮೇಲೆಯೇ ಅವರ ಸಮಾಜಶಾಸ್ತ್ರ ನಿಂತಿತ್ತು. ಹಳಿಯಾಳದ ಕಡೆ ಎಮ್ಮೆ ಸಾಕುವ ಗೌಳಿಗರ ವಾಡಗಳಲ್ಲಿ ಗಟ್ಟಿ ಮಜ್ಜಿಗೆ ಕುಡಿದು ಬಂದೆವು, ಅದನ್ನೂ ಬರೆದೆವು. ಹಳ್ಳಿಯ ಲೆಕ್ಕ ಇಷ್ಟಾದ ಮೇಲೆ ಅವರ ಕಣ್ಣು ದಾಂಡೇಲಿಯ ಮೇಲೆ ಬಿತ್ತು.

ದಾಂಡೇಲಿ ಹೊಸ ಊರು. ಕಾಗದದ ಕಾರ್ಖಾನೆಯ ಭೋಂಗಾ ಕೂಗಿದ ಮೇಲೆ ಹುಟ್ಟಿದ ಊರು ಎನ್ನಬೇಕು. ಧಾರವಾಡ, ಬೆಳಗಾವಿಯ ಹಳ್ಳಿಗಳಿಂದ ಕೆಲಸಕ್ಕೆ ಬಂದವರೇ ನಾವೆಲ್ಲ. ನನ್ನ ಅಪ್ಪ ಕಲಘಟಗಿ ಕಡೆಯವನು, ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: "ನಮ್ಮ ದಾಂಡೇಲಿಯಾಗ ಜಾತಿ ಗೀತಿ ಏನಿಲ್ರಿ. ಇಲ್ಲಿ ಎಲ್ಲಾರೂ ಶಿಫ್ಟಿನವರು." ನಾನೂ ತರಗತಿಯಲ್ಲಿ ಎದ್ದು ನಿಂತು ಅದನ್ನೇ ಹೇಳಿದ್ದೆ. ಮೇಡಂ ನಗಲಿಲ್ಲ, ಬೈಯಲೂ ಇಲ್ಲ. "ಇರಬಹುದವಾ. ನೋಡೂಣು," ಅಂದರು.

ಅವರು 'ನೋಡೂಣು' ಅಂದರೆ ಯಾರಿಗೋ ಗ್ರಹಚಾರ ಕಾದಿದೆ ಅಂತಲೇ ಅರ್ಥ. ಈ ಸಲ ಅದು ನಮ್ಮ ತಲೆಯ ಮೇಲೇ ಬಂತು. ಮುಂದಿನ ಸಮೀಕ್ಷೆ ಬೇರೆಯವರ ಮನೆಯದಲ್ಲ, ನಮ್ಮ ನಮ್ಮ ಮನೆಗಳದು ಎಂದರು. ಎರಡು ತಂಬಿಗೆ ತಂದು ಮೇಜಿನ ಮೇಲಿಟ್ಟರು. ಒಂದರಲ್ಲಿ ನಮ್ಮ ಮನೆಗಳ ಚೀಟಿ, ಇನ್ನೊಂದರಲ್ಲಿ ಹೋಗುವವರ ಚೀಟಿ. ಯಾರ ಮನೆಗೆ ಯಾರು ಹೋಗಬೇಕೆಂಬುದು ಚೀಟಿ ಹೇಳಿದ ಹಾಗೆ. ಹೋದವರು ನೀರು ಕೊಟ್ಟರೆ ಕುಡಿಯಬೇಕು, ಯಾವುದರಲ್ಲಿ ಕೊಟ್ಟರೆಂದು ನೋಡಿಕೊಳ್ಳಬೇಕು, ಕೇಳಿದ್ದಕ್ಕೆ ನಿಜ ಹೇಳಬೇಕು, ಎದ್ದು ಬರಬೇಕು. ಮನೆಯವರಿಗೆ ಮೊದಲೇ ಸುಳಿವು ಕೊಡಕೂಡದು.

"ಅರ್ಧಾ ಕೆಲಸಾ ಇಷ್ಟ," ಅಂದರು. "ಉಳದರ್ಧಾ ಮನೀ ಮಕ್ಕಳದು. ಬಂದವರು ಎದ್ದು ಹೋದ ಮ್ಯಾಲ ಆ ಲೋಟಾ ಎಲ್ಲಿ ಹೋಗತೈತಿ? ಅದು ಹೊರಗಿನವರಿಗೆ ಎಂದೂ ಕಾಣಂಗಿಲ್ಲ. ನಿಮಗ ಕಾಣತೈತಿ. ಅದನ್ನ ನೀವು ಬರೀಬೇಕು."

ನಮ್ಮ ಮನೆಯಲ್ಲಿ ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಅಲ್ಯುಮಿನಿಯಂ ಲೋಟ ಇತ್ತು. ಅದರಲ್ಲಿ ಮನೆಯವರು ಯಾರೂ ಕುಡಿಯುತ್ತಿರಲಿಲ್ಲ. ಗಟಾರ ಬಳಿಯಲು ಬಂದವರಿಗೆ, ಇನ್ನೂ ಕೆಲವರಿಗೆ ಅವ್ವ ಅದರಲ್ಲಿ ನೀರು ಕೊಡುತ್ತಿದ್ದಳು. ಕಸಬರಿಗೆಗೆ ಒಂದು ಮೂಲೆ ಇರುವ ಹಾಗೆ ಅದಕ್ಕೊಂದು ಗೂಡು ಎಂದು ಚಿಕ್ಕಂದಿನಿಂದ ಅಂದುಕೊಂಡಿದ್ದೆ. ಮೇಡಂ ಎರಡು ತಂಬಿಗೆ ತಂದಿಟ್ಟ ದಿನವೇ ಅದು ನನ್ನ ಕಣ್ಣಿಗೆ ಚುಚ್ಚಿದ್ದು.

ಚೀಟಿ ಎತ್ತಿದರು. ಬಾಗಿಲ ಗೀತಾಳ ಮನೆಗೆ ಒಬ್ಬ ಹುಡುಗ, ಆ ಹುಡುಗನ ಮನೆಗೆ ಇನ್ನೊಬ್ಬಳು. ನನ್ನ ಮನೆಯ ಚೀಟಿ ಬಂತು. ಹೋಗುವವರ ತಂಬಿಗೆಗೆ ಕೈ ಹಾಕಿ ಎತ್ತಿದ ಚೀಟಿಯನ್ನು ಬಿಚ್ಚಿ ಮೇಡಂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತರು. ಅದು ಅವರದೇ ಹೆಸರು. ತಮ್ಮದನ್ನೂ ಅದರಲ್ಲಿ ಹಾಕಿಬಿಟ್ಟಿದ್ದರು, ಮಹಾತಾಯಿ! ಯಾರೋ ನಕ್ಕರು. ಮೇಡಂ ಲವಂಗದ ಚೀಲಕ್ಕೆ ಕೈ ಹಾಕಿದರು. "ಆತು. ಐತವಾರ ಬರ್ತೇನಿ," ಅಂದರು.

ಐತವಾರದ ತನಕ ನನಗೆ ಅನ್ನ ಸೇರಲಿಲ್ಲ. ಮೇಡಂ ದಾಂಡೇಲಿಗೆ ಬಂದಮೇಲೆ ಮೇಲಿಂದ ಮೇಲೆ ಮನೆ ಬದಲಿಸಿದ್ದರು. ಒಂದೆರಡು ಸಲ ನಾವೇ ಟಂಟಂ ರಿಕ್ಷಾದಲ್ಲಿ ಅವರ ಪುಸ್ತಕದ ಗಂಟು ಹೇರಿ ಸಾಗಿಸಿದ್ದೆವು. ಒಮ್ಮೆ ಗಾಳಿ ಇಲ್ಲ ಎಂದರು, ಒಮ್ಮೆ ಮಾಲೀಕರ ಮಗ ಬರುತ್ತಾನೆ ಎಂದರು. ಗಾಳಿ ಬೇಕಾದಷ್ಟು ಇದ್ದ ಮನೆ ಅದು, ಪುಸ್ತಕ ಕಟ್ಟುವಾಗ ಹಾಳೆಗಳು ಹಾರಾಡುತ್ತಿದ್ದವು. ಆಗ ಹೊಳೆಯದ್ದು ಈಗ ಹೊಳೆಯಿತು. ಅಡ್ಡಹೆಸರು ಗೊತ್ತಾದಲ್ಲೆಲ್ಲ ಮೇಡಂಗೆ ಗಾಳಿ ಸಾಲುತ್ತಿರಲಿಲ್ಲ.

ಮತ್ತು ನನ್ನ ಅವ್ವ ಕೇಳದೆ ಬಿಡುವವಳಲ್ಲ. ಇಡೀ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಅವಳದು ದೊಡ್ಡ ಬಾಯಿ, ದೊಡ್ಡ ಮನಸ್ಸು, ಎರಡೂ. ಪಕ್ಕದ ಮನೆಯ ಬಾಣಂತಿಗೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿ ಎರೆದವಳು. ಯಾರೇ ಬರಲಿ, ಅಡ್ಡಹೆಸರು ಯಾವುದು, ತವರೂರು ಯಾವುದು ಎಂದು ಶುರುಮಾಡಿ ಎಲ್ಲೋ ಒಂದು ಬೀಗತನದ ಎಳೆ ಹಿಡಿದುಬಿಡುವಳು. ಅದು ಅವಳ ಪ್ರೀತಿಯ ರೀತಿ. ನಾನು ಅಡ್ಡದಾರಿಯಿಂದ ಹೋಗಿ ನೋಡಿದೆ.

"ಅವ್ವಾ, ಮನೀಗೆ ಬಂದವರ ಅಡ್ಡಹೆಸರು ಯಾಕ ಕೇಳ್ತಿ ಬೇ?"

"ಕೇಳಲಾರದ ಮಾತ ಹೆಂಗ ಸುರು ಮಾಡೂದು? ಹುಚ್ಚಿ! ಬಾಯಿ ಹೊಲಕೊಂಡ ಕುಂದರಬೇಕೇನ?"

ಮೇಡಂ ಬರುತ್ತಾರೆ, ಕೇಳಬೇಡ ಎಂದು ಹೇಳಿಬಿಡಲೇ ಎನಿಸಿತು. ಹೇಳಿದರೆ ಸಮೀಕ್ಷೆ ಸುಳ್ಳಾಗುತ್ತದೆ, ಕೇಳಬೇಡ ಎಂದದ್ದಕ್ಕೇ ಅವ್ವನಿಗೆ ಎಲ್ಲ ತಿಳಿದುಹೋಗುತ್ತದೆ. ಹೇಳದಿದ್ದರೆ ಅಡ್ಡಹೆಸರು ಗೊತ್ತಾದ ಮೇಲೆ ನನ್ನ ಅವ್ವನೇ ಮೇಡಂ ಅವರಿಗೆ ಗೂಡಿನ ಲೋಟದಲ್ಲಿ ಚಾ ಕೊಡುವುದನ್ನು ಕಣ್ಣಾರೆ ನೋಡಬೇಕು. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಉಳವಿಯ ಜಾತ್ರೆಗೆ ಹೋದರೆ ಪಕ್ಕದಲ್ಲಿ ಕೂತವರು ಯಾರೆಂದು ಕೇಳದೆ ಪಂಕ್ತಿಯಲ್ಲಿ ಉಂಡು ಬರುವವಳೂ ಇದೇ ಅವ್ವ. ಮೇಡಂ ತರಗತಿಯಲ್ಲಿ ಒಮ್ಮೆ ಹೇಳಿದ್ದರು: "ಉಳವಿಯೊಳಗ ಪಂಕ್ತಿ ಒಂದ. ದಾಂಡೇಲಿಗೆ ಬಸ್ ಇಳದ ಕೂಡ್ಲೆ ಲೋಟಾ ಎರಡ." ಅದು ನನ್ನ ಅವ್ವನಿಗೇ ಹೇಳಿದ್ದು ಎಂದು ಈಗ ಅನಿಸಿತು.

ಐತವಾರ ಬೆಳಗಿನ ಪಾಳಿಗೆ ಅಪ್ಪ ಹೋಗಿದ್ದ. ಬಿಸಿಲು ಏರಿದ ಹೊತ್ತಿಗೆ ಮೇಡಂ ಬಂದರು. ಕೈಯಲ್ಲಿ ಬರೀ ಛತ್ರಿ. ಬಾಗಿಲಲ್ಲೇ ಲವಂಗದ ವಾಸನೆ.

"ಅಯ್ಯ, ಅಕ್ಕೋರ! ಬರ್ರಿ, ಬರ್ರಿ! ಬಡವರ ಮನೀ ದಾರಿ ಹೆಂಗ ಸಿಕ್ತರೀ ನಿಮಗ?" ಅವ್ವನ ಸಂಭ್ರಮ ಹೇಳತೀರದು. ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ಒಳಗೆ ಓಡಿ ತಾಟಿನಲ್ಲಿ ಬೆಲ್ಲದ ಚೂರು, ಲೋಟದಲ್ಲಿ ನೀರು ತಂದಳು. ನೋಡಿದರೆ ಅಪ್ಪನ ಲೋಟ! ಮದುವೆಯಲ್ಲಿ ಸೋದರಮಾವ ಅಪ್ಪನ ಹೆಸರು ಕೊರೆಸಿ ಕೊಟ್ಟ ಸ್ಟೀಲಿನ ದೊಡ್ಡ ಲೋಟ. ಅಪ್ಪ ಬಿಟ್ಟರೆ ಅದರಲ್ಲಿ ದೊಡ್ಡ ಬೀಗರು ಮಾತ್ರ ಕುಡಿದಿದ್ದರು.

ಬಂದವರ ಬಾಯಿಗೆ ನೀರು ಬೀಳುವ ತನಕ ಏನನ್ನೂ ಕೇಳಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಹಾಗಾಗಿ ಅವ್ವ ಕಾದಳು. ಮೇಡಂ ಬೆಲ್ಲ ಬಾಯಿಗಿಟ್ಟು, ಲೋಟಕ್ಕೆ ತುಟಿ ಹಚ್ಚಿ, ಪೂರ್ತಿ ಕುಡಿದರು. ಅವ್ವ ಎದುರಿಗೆ ನೆಲದ ಮೇಲೆ ಕೂತು ಮಾತು ಶುರುಮಾಡಿದಳು.

"ನಮ್ಮ ಹುಡಿಗಿ ನಿಮ್ಮ ಹೆಸರ ಜಪಾ ಮಾಡತಾಳ್ರಿ. ನಿಮ್ಮ ಅಡ್ಡಹೆಸರು ಏನ್ರೀ ಅಕ್ಕೋರ?"

ಮೇಡಂ ಹೇಳಿದರು. ಯಾವ ಗೋಜಿಲ್ಲದೆ, ಕೇಳಿದವರಿಗೆ ಊರಿನ ಹೆಸರು ಹೇಳುವ ಹಾಗೆ ಹೇಳಿದರು.

ಅವ್ವನ ಮುಖದ ನಗು ಹೋಗಲಿಲ್ಲ, ಆದರೆ ಅಲ್ಲೇ ನಿಂತುಬಿಟ್ಟಿತು. "ಹೌದನ್ರಿ," ಅಂದಳು. ಮತ್ತೊಮ್ಮೆ "ಹೌದನ್ರಿ," ಅಂದಳು. "ಕುಂದರ್ರಿ, ಚಾ ಮಾಡತೇನಿ," ಎಂದು ಎದ್ದು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಒಲೆ ಹಚ್ಚಿದ್ದಳು, ಹಾಲು ಇಟ್ಟಿರಲಿಲ್ಲ. ನನ್ನ ಮುಖ ನೋಡದೆ ಪಿಸುಗುಟ್ಟಿದಳು:

"ಅಂಗಡಿಗೆ ಹೋಗಿ ಆ ಕಾಗದದ ಕಪ್ಪ ತಗೊಂಬಾ."

"ಮನೀ ತುಂಬ ಕಪ್ ಅದಾವಲ್ಲ ಅವ್ವಾ."

"ತಗೊಂಬಾ ಅಂದ್ರ ತಗೊಂಬಾ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು. ನನ್ನ ಅವ್ವ ಹೆದರಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ.

ಅಷ್ಟರಲ್ಲಿ ಹೊರಗಿನಿಂದ ಮೇಡಂ ದನಿ ಬಂತು. "ತಾಯಿ, ಚಾ ಬ್ಯಾಡ್ರಿ. ತಣ್ಣನ ನೀರು ಕೊಟ್ರಿ, ಹೊಟ್ಟಿ ತುಂಬೇತಿ. ಬರ್ತೇನಿ."

ಅವ್ವ ಹೊರಗೆ ಬಂದಳು. ಮೇಡಂ ಆ ಲೋಟವನ್ನು ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದರು. ನೆಲದ ಮೇಲೆ ಇಡಲಿಲ್ಲ, ತೊಳೆದು ಬೋರಲು ಹಾಕಲು ನೀರು ಕೇಳಲಿಲ್ಲ. ಅವ್ವನ ಕಡೆ ಚಾಚಿದರು. ಅವ್ವನ ಕೈ ಮುಂದೆ ಬರುವುದರೊಳಗೆ ನನ್ನ ಜೀವ ಹೋಗಿ ಬಂತು. ಅವ್ವ ತೆಗೆದುಕೊಂಡಳು.

ಗೇಟಿನತನಕ ಕಳಿಸಲು ಹೋದೆ. ಮೇಡಂ ಛತ್ರಿ ಬಿಚ್ಚಲು ಹೋದರು, ಅದು ಕೂಡಲೇ ಬಿಚ್ಚಿಕೊಳ್ಳಲಿಲ್ಲ. "ನನಗೂ ಎದಿ ಹಾರ್ತಿತ್ತವಾ," ಅಂದರು. "ಪ್ರತೀ ಮನಿಯಾಗೂ ಹಾರ್ತೈತಿ. ಇಷ್ಟ ವರ್ಷಾ ಆತು, ರೂಢಿ ಆಗವಲ್ದು." ಆಮೇಲೆ ಛತ್ರಿ ಬಿಚ್ಚಿ, "ಇನ್ನ ನಿಂದ ಕೆಲಸಾ. ನಿಮ್ಮವ್ವನ್ನ ಕೆಟ್ಟಾಕಿ ಮಾಡಬ್ಯಾಡ, ಒಳ್ಳೇಕಿ ಮಾಡಬ್ಯಾಡ. ಲೋಟಾ ಎಲ್ಲಿ ಹೋತು, ಅಷ್ಟ ಬರಿ," ಎಂದು ಹೋದರು.

ಒಳಗೆ ಬಂದೆ. ಅವ್ವ ಬಚ್ಚಲಲ್ಲಿ ಕೂತು ಹುಣಸೆಹಣ್ಣು, ಬೂದಿ ಹಚ್ಚಿ ಲೋಟ ತಿಕ್ಕುತ್ತಿದ್ದಳು. ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಅಡುಗೆಮನೆಯ ಹೊಸ್ತಿಲ ತನಕ ತಂದಳು, ನಿಂತಳು. ತಿರುಗಿ ಹಿತ್ತಲ ಬಾಗಿಲ ಗೂಡಿನತನಕ ಹೋದಳು, ಅಲ್ಲೂ ನಿಂತಳು. ಗಂಡನ ಹೆಸರಿರುವ ಲೋಟವನ್ನು ಆ ಗೂಡಿನಲ್ಲಿ ಹೇಗೆ ಇಟ್ಟಾಳು? ಕಡೆಗೆ ಹಿತ್ತಲ ಮೋಟುಗೋಡೆಯ ಮೇಲೆ ಬಿಸಿಲಿಗಿಟ್ಟು ಒಳಗೆ ಹೋದಳು.

ಸಂಜೆ ಅಪ್ಪ ಬಂದು ನೀರು ಕೇಳಿದ. ಬೇರೆ ಲೋಟದಲ್ಲಿ ಹೋಯಿತು. "ನನ್ನ ಲೋಟಾ ಏನ ಗೋವಾಕ್ಕ ಹೋತೇನು?" ಅಂದ.

"ತೊಳದ ಇಟ್ಟೇನ್ರಿ. ಒಣಗಲಿ."

ಮರುದಿನವೂ ಒಣಗಲಿಲ್ಲ. ಅದರ ಮರುದಿನವೂ ಇಲ್ಲ. "ಲೋಟಾನೋ ಹಪ್ಪಳಾನೋ ಅದು?" ಎಂದು ಅಪ್ಪ ಗೊಣಗಿ ಗೊಣಗಿ ಸುಮ್ಮನಾದ. ಅವ್ವ ದಿನಾ ಬೆಳಿಗ್ಗೆ ಅದನ್ನು ತೊಳೆದು ಅಲ್ಲೇ ಇಡುತ್ತಿದ್ದಳು. ನಾನು ಕಿಡಕಿಯಲ್ಲಿ ನಿಂತು ನೋಡುತ್ತಿದ್ದೆ. ಹೆತ್ತ ತಾಯಿಯ ಮೇಲೆ ಬೇಹು ನಡೆಸುವುದು ಎಂಥ ಕೆಲಸ ಎಂಬುದನ್ನು ಮಾಡಿದವರೇ ಬಲ್ಲರು. ವರದಿ ಕೊಡುವ ದಿನ ಬಂತು. ಇದ್ದದ್ದನ್ನು ಬರೆದೆ: 'ಲೋಟ ಹಿತ್ತಲ ಗೋಡೆಯ ಮೇಲೆ ಇದೆ. ಒಳಗೂ ಬಂದಿಲ್ಲ, ಗೂಡಿಗೂ ಹೋಗಿಲ್ಲ.'

ಮೇಡಂ ಅವರದು ಇನ್ನೊಂದು ಪದ್ಧತಿ ಇತ್ತು. ವರದಿ ಬೇರೆ ಯಾರ ಮುಂದೆ ಹೋಗುವ ಮೊದಲೂ, ಯಾರ ಮನೆಯ ನೀರು ಕುಡಿದಿದ್ದೇವೋ ಅವರ ಮುಂದೆ ಓದಬೇಕು. ಎಲ್ಲ ಮನೆಗಳಿಗೂ ಕರೆ ಹೋಯಿತು. ಅವ್ವ ಇಳಕಲ್ ಸೀರೆ ಉಟ್ಟು ತಯಾರಾದಳು. ತಲೆನೋವು ಬಂದಿದೆ ಅಂದೆ, ಅವಳು ಬಿಡಲಿಲ್ಲ. "ಅಕ್ಕೋರು ಕರದಾರ, ಹೋಗಲಾರದ ಇರಾಕ ಆಗತೈತೇನ?" ಎಂದಳು. ಆ ದಿನದ ಬಳಿಕವೂ ಅಕ್ಕೋರು ಅಕ್ಕೋರೇ ಆಗಿದ್ದರು ಅವಳಿಗೆ, ಅದೇ ನನಗೆ ತಿಳಿಯದ ಒಗಟು.

ಹಾಲ್ ತುಂಬ ಹೆಂಗಸರು. ನಾವು ಕಾಲೇಜಿನ ಲೋಟಗಳಲ್ಲಿ ಎಲ್ಲರಿಗೂ ಬೆಲ್ಲ, ನೀರು ಹಂಚಿದೆವು. ಕೆಲವರು ಕುಡಿದರು. ಕೆಲವರು, "ಈಗಷ್ಟ ಕುಡದ ಬಂದೇವಿ," ಅಂದರು. ಅವ್ವ ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಮೇಡಂ ಓದತೊಡಗಿದರು. ಹೆಸರಿಲ್ಲ, ಗುರುತಿಲ್ಲ; ಒಂದು ಮನೆ, ಇನ್ನೊಂದು ಮನೆ, ಅಷ್ಟೆ. ಒಂದು ಮನೆಯ ಲೋಟ ತೊಳೆದು ಸಾಲಿಗೆ ಸೇರಿತ್ತು. ಒಂದು ಮನೆಯಲ್ಲಿ ಬಂದವಳ ಕೈಯಲ್ಲೇ ತೊಳೆಸಿದ್ದರು. ಒಂದು ಮನೆಯಲ್ಲಿ ಕಾಗದದ ಕಪ್ಪು ಕಸಕ್ಕೆ ಹೋಗಿತ್ತು. ಹೆಂಗಸರು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ನನ್ನ ಹಾಳೆ ಬಂತು. ಅವ್ವ ಎದ್ದು ಹೋಗುತ್ತಾಳೆ, ನಾಳೆಯಿಂದ ನನ್ನ ಕಾಲೇಜು ಮುಗಿಯಿತು, ಇನ್ನೇನಿದ್ದರೂ ಗಂಡು ನೋಡುವುದೊಂದೇ ಬಾಕಿ ಎಂದುಕೊಂಡೆ. ಮೇಡಂ ಓದಿದರು. ಅವ್ವ ತಲೆ ಎತ್ತಲಿಲ್ಲ. ತೊಡೆಯ ಮೇಲಿನ ಲೋಟದ ಸುತ್ತ ಅವಳ ಎರಡೂ ಕೈ ಬಿಗಿದಿದ್ದವು.

"ಈ ಮನೀ ಉತ್ತರಾ ಇನ್ನ ಬಂದಿಲ್ಲ," ಅಂದರು ಮೇಡಂ. "ಗಡಿಬಿಡಿ ಏನಿಲ್ಲ. ಕಾಯೂಣು." ಆ ಹಾಳೆಯನ್ನು ಉಳಿದ ಹಾಳೆಗಳೊಡನೆ ಸೇರಿಸದೆ ಪಕ್ಕಕ್ಕಿಟ್ಟು ಮುಂದಿನದು ಎತ್ತಿಕೊಂಡರು.

ಮನೆಗೆ ಬರುವ ದಾರಿಯಲ್ಲಿ ಅವ್ವ ಒಂದೇ ಮಾತಾಡಿದಳು. "ಬಿಸಲು ಭಾಳ ಐತಿ, ತಲೀ ಮ್ಯಾಲ ಓಢಣಿ ಹಾಕ್ಕೊ." ನನ್ನ ಕಾಲೇಜು ನಿಲ್ಲಲಿಲ್ಲ. ಲೋಟವೂ ಗೋಡೆಯಿಂದ ಇಳಿಯಲಿಲ್ಲ. ಗೂಡಿನ ಅಲ್ಯುಮಿನಿಯಂ ಲೋಟ ಮಾತ್ರ ಕೆಲವು ದಿನಗಳಲ್ಲಿ ಕಾಣದಾಯಿತು. ಅವ್ವ ಅದನ್ನು ಏನು ಮಾಡಿದಳೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಆಮೇಲೆ ಕ್ವಾರ್ಟರ್ಸ್ ಬಿಟ್ಟು ಸ್ವಂತ ಮನೆಗೆ ಬಂದೆವು. ಅಪ್ಪನ ಲೋಟ ಬಟ್ಟೆಯಲ್ಲಿ ಸುತ್ತಿಕೊಂಡು ಇಲ್ಲಿಗೂ ಬಂತು, ಇಲ್ಲಿಯ ಹಿತ್ತಲ ಗೋಡೆಯ ಮೇಲೆ ಕೂತಿತು. ಅಪ್ಪ ತೀರಿಕೊಂಡಾಗ ಹಿರಿಯರು, ಫೋಟೋದ ಮುಂದೆ ಅವನ ಲೋಟದಲ್ಲೇ ನೀರಿಡು ಎಂದರು. ಅವ್ವ ಬೇರೆ ಲೋಟ ತಂದಿಟ್ಟಳು. ನನಗೆ ಸಿಟ್ಟು ಬಂತು, ಅವಳ ಮೇಲೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಇನ್ನೂ ಮೈಲಿಗೆಯೇ ಇವಳಿಗೆ? ಹಾಗಾದರೆ ದಿನಾ ತೊಳೆಯುವುದು ಯಾಕೆ? ಬಿಸಾಡಬಾರದೇ?

ಮೇಡಂ ನಿವೃತ್ತಿಯಾದ ಮೇಲೆ ಮುಂಡಗೋಡದ ಕಡೆ, ಅತ್ತಿವೇರಿಗೆ ಹೋಗುವ ದಾರಿಯಲ್ಲಿ, ಚಿಕ್ಕದೊಂದು ಮನೆ ಕಟ್ಟಿಸಿಕೊಂಡರು. ಬಾಡಿಗೆ ಮನೆಗಳ ಸಹವಾಸ ಸಾಕಾಗಿತ್ತು. ನಾಲ್ಕೂ ಕಡೆ ಕಿಡಕಿ ಇಡಿಸಿದ್ದರು. "ನೋಡವಾ, ಈಗ ಗಾಳಿ ಬೇಕಾದಷ್ಟ," ಎಂದು ಕಣ್ಣು ಮಿಟುಕಿಸಿದರು. ಹೋದಾಗಲೆಲ್ಲ ಬೆಲ್ಲ, ನೀರು ಕೊಡುವರು. ನಾನು ಲೋಟ ಎತ್ತಿ ತುಟಿಗೆ ಹಚ್ಚುವ ತನಕ ಅವರ ಕಣ್ಣು ನನ್ನ ಕೈಯ ಮೇಲೇ ಇರುತ್ತಿತ್ತು. ಇಷ್ಟು ವರ್ಷದ ಮೇಲೂ, ನನ್ನ ಮೇಲೂ! ನಾನು ಒಂದೇ ಉಸಿರಿಗೆ ಕುಡಿದುಬಿಡುತ್ತಿದ್ದೆ.

ಹೊರಡುವಾಗ ತಪ್ಪದೆ ಒಂದು ಪ್ರಶ್ನೆ. "ಏನವಾ, ಉತ್ತರಾ ಬಂತೇನು?"

"ಇಲ್ರಿ ಮೇಡಂ."

"ಇರ್ಲಿ. ಅವಸರ ಏನೈತಿ."

ಕಡೆಯ ಸಲ ಹೋದಾಗ ಮಂಚದ ಮೇಲೆ ಇದ್ದರು. ಕೈಗಡಿಯಾರ ಸಡಿಲಾಗಿ ಮುಂಗೈಯಲ್ಲಿ ತಿರುಗುತ್ತಿತ್ತು. ಆಗಲೂ ಕೇಳಿದರು. ಇಲ್ಲ ಅಂದೆ. ಈ ಸಲ ಅವರು 'ಅವಸರ ಏನೈತಿ' ಅನ್ನಲಿಲ್ಲ. "ನಿಮ್ಮವ್ವ ಅವತ್ತು ಲೋಟಾನ ಕೈಯಾಗ ತಗೊಂಡಳವಾ. ಅದನ್ನ ನೀ ಬರದಿರಲಿಲ್ಲ," ಅಂದರು. ಅಷ್ಟೇ.

ಸುದ್ದಿ ಬಂದ ದಿನ ಸಂಜೆ ಬಸ್ಸಿಳಿದು ಮನೆಗೆ ಬಂದೆ. ಅವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು.

"ಅವ್ವಾ, ಮೇಡಂ ಹೋದ್ರಂತ ಬೇ."

ಯಾವ ಮೇಡಂ ಎಂದು ಅವಳು ಕೇಳಲಿಲ್ಲ. ಸೊಪ್ಪಿನ ತಾಟು ಬದಿಗಿಟ್ಟು, ಮೊಣಕಾಲು ಹಿಡಿದು ಎದ್ದಳು. ಹಿತ್ತಲಿಗೆ ಹೋಗಿ ಗೋಡೆಯ ಮೇಲಿನ ಲೋಟ ತಂದಳು. ತೊಳೆಯಲಿಲ್ಲ. ಕೊಡದಿಂದ ನೀರು ತುಂಬಿಕೊಂಡಳು, ಒಂದಿಷ್ಟು ಸೀರೆಯ ಮೇಲೆ ಚೆಲ್ಲಿತು. ನನ್ನ ಎದುರಿಗೆ ನೆಲದ ಮೇಲೆ ಕೂತು, ಲೋಟಕ್ಕೆ ತುಟಿ ಹಚ್ಚಿ, ತಳದತನಕ ಕುಡಿದಳು. ಎದ್ದು ಹೋಗಿ ಅಡುಗೆಮನೆಯ ಸಾಲಿನಲ್ಲಿ ಉಳಿದ ಲೋಟಗಳ ನಡುವೆ ಅದನ್ನಿಟ್ಟಳು.

"ಕಾಯೂಣು ಅಂದಿದ್ರಲ್ಲ ನಿಮ್ಮ ಅಕ್ಕೋರು," ಅಂದಳು. "ಈಗ ಬರಕೋ. ಲೋಟಾ ಒಳಗ ಬಂತು."

ಮತ್ತೆ ಸೊಪ್ಪಿನ ತಾಟು ಎಳೆದುಕೊಂಡು ಕೂತಳು. ಬೆರಳು ಓಡಲಿಲ್ಲ. ನನ್ನ ಮುಖ ನೋಡದೆ ಕೇಳಿದಳು:

"ಭಾಳ ತಡಾ ಮಾಡಿದ್ನೇನವಾ?"

"ಹೂಂ ಅವ್ವಾ," ಅಂದೆ. "ಭಾಳ ತಡಾ ಆತು."